ಜುಟ್ಟುಬಾತು ಮತ್ತು ಮಾವನ ಪಾಲಿನ ಅನ್ನ

ವಿಜಯನಗರದ ಆ ಮನೆಯಲ್ಲಿ ನಾನು ತಿಂದಷ್ಟು ಚಿತ್ರಾನ್ನವನ್ನು ನನ್ನ ವಾರಗೆಯ ಬೇರೆ ಯಾವ ಹುಡುಗಿಯೂ ತಿಂದಿರಲಾರಳು. ನಿಂಬೆಹಣ್ಣು ಸಿಕ್ಕಿದರೆ ನಿಂಬೆಹಣ್ಣಿನದು, ಮಾವಿನಕಾಯಿಯ ಕಾಲದಲ್ಲಿ ಮಾವಿನಕಾಯಿಯದು, ಎರಡೂ ಇಲ್ಲದ ದಿನ ಹುಣಿಸೆಹಣ್ಣಿನ ಗೊಜ್ಜು ಕಲಸಿದ್ದು. ದೊಡ್ಡವರೆಲ್ಲ ಕಾಫಿ ಕುಡಿದು ಹತ್ತು ಗಂಟೆಯ ಊಟಕ್ಕೆ ಕಾಯುವವರು. ಬೆಳಗಿನ ತಿಂಡಿ ಬೇಕಿದ್ದದ್ದು ಸ್ಕೂಲಿಗೆ ಓಡುವ ನನಗೊಬ್ಬಳಿಗೆ, ಮತ್ತು ನನಗೊಬ್ಬಳಿಗೆ ಸಾಲುವಷ್ಟು ಅನ್ನ ನಮ್ಮ ಮನೆಯಲ್ಲಿ ಪ್ರತಿ ರಾತ್ರಿ ತಪ್ಪದೆ ಮಿಗುತ್ತಿತ್ತು. ಗೆಳತಿಯರು ದೋಸೆ, ಉಪ್ಪಿಟ್ಟು ಎಂದು ಹೇಳಿಕೊಳ್ಳುವಾಗ ನಾನು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದೆ. ಒಂದು ಬೆಳಿಗ್ಗೆ ತಟ್ಟೆಯನ್ನು ದೂರ ತಳ್ಳಿ, ದಿನಾ ಇದೇ ಯಾಕೆ, ಅಳತೆ ಮಾಡಿ ಅಕ್ಕಿ ಹಾಕಲು ನಿಮಗೆ ಬರುವುದಿಲ್ಲವೇ ಎಂದು ದೊಡ್ಡವಳಂತೆ ಕೇಳಿದೆ. ಅಮ್ಮ ಹಿತ್ತಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಅತ್ತೆ ಬಟ್ಟೆ ಒಗೆಯುತ್ತಿದ್ದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಅದು ನಿಮ್ಮ ಮಾವನ ಪಾಲು ಕಣೇ. ಅವರು ಬರ್ಲಿಲ್ಲ, ನೀನು ತಿನ್ನು."

ಅತ್ತೆ ಎಂದರೆ ಅಪ್ಪನ ತಂಗಿ ಪದ್ಮಾವತಿ, ನನಗೆ ಪದ್ದತ್ತೆ. ಮಾವ ಅವಳ ಗಂಡ. ನಾನು ಹುಟ್ಟುವ ಮೊದಲೇ ಒಂದು ದಿನ ಬೆಳಿಗ್ಗೆ ಸ್ನಾನ ಮುಗಿಸಿ, ಒಗೆದ ಪಂಚೆ ಉಟ್ಟು, ಈಗ ಬರುತ್ತೇನೆ ಎಂದು ಹೊರಟವರು ಮತ್ತೆ ಬರಲಿಲ್ಲ. ಜಗಳವಾಗಿರಲಿಲ್ಲ, ಸಾಲವಿರಲಿಲ್ಲ, ಮಕ್ಕಳಿರಲಿಲ್ಲ. ಸನ್ಯಾಸಿಯಾದರು ಎಂದರು ಕೆಲವರು, ತಲೆ ಕೆಟ್ಟಿತ್ತು ಎಂದರು ಕೆಲವರು. ಅತ್ತೆ ಮಾತ್ರ ಯಾವುದನ್ನೂ ಅನ್ನಲಿಲ್ಲ. ಒಂದು ತಗಡಿನ ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಬಂದ ದಿನದಿಂದ ಅಕ್ಕಿ ಅಳೆಯುವ ಕೆಲಸ ಅವಳದಾಯಿತು. ಪಾವಿನಲ್ಲಿ ಅಕ್ಕಿ ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಪಾತ್ರೆಗೆ ಸುರಿದು, ಒಂದು ಕ್ಷಣ ನಿಂತು, ಆಮೇಲೆ ಡಬ್ಬಿಯಿಂದ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ಅಮ್ಮನಿಗೆ ಇದು ಗೊತ್ತಿತ್ತು. ಅಮ್ಮ ಕೈ ಬಿಗಿಯ ಹೆಂಗಸು, ಒಂದು ಬೆಂಕಿಕಡ್ಡಿಯಲ್ಲಿ ಎರಡು ಒಲೆ ಹಚ್ಚುವವಳು. ಆದರೂ ಆ ಹಿಡಿ ಅಕ್ಕಿಯ ಬಗ್ಗೆ ನಾದಿನಿಗೆ ಅವಳು ಒಂದು ಮಾತೂ ಆಡಿದ್ದನ್ನು ನಾನು ಕೇಳಲಿಲ್ಲ. ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ನನ್ನ ಮುಂದೆ ಇಡುವುದಷ್ಟೇ ಅವಳ ಉತ್ತರ.

ನಮ್ಮದು ದೊಡ್ಡ ಮನೆಯೊಂದರ ಒಂದು ಬದಿಯ ಪೋರ್ಷನ್ನು. ಮುಂದಿನ ಕೋಣೆ, ನಡುವೆ ಒಂದು ಉದ್ದದ ಹಾಲು, ಕೊನೆಗೆ ಅಡುಗೆಮನೆ; ಒಂದರ ಹಿಂದೊಂದು ಇದ್ದುದರಿಂದ ಮುಂಬಾಗಿಲಲ್ಲಿ ನಿಂತವರಿಗೆ ಹಿತ್ತಲ ಒಗೆಯುವ ಕಲ್ಲು ಕಾಣುತ್ತಿತ್ತು, ಅಡುಗೆಮನೆಯಲ್ಲಿ ಆಡಿದ ಮಾತು ಬೀದಿಗೆ ಕೇಳುತ್ತಿತ್ತು. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಅಪ್ಪ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಯಂತ್ರದ ಭಾಗಗಳ ನಕ್ಷೆ ಬರೆಯುವುದು ಅವರ ಕೆಲಸ. ಕೆಟ್ಟುಹೋದ ನೀಲಿ ನಕ್ಷೆಗಳನ್ನು ಮನೆಗೆ ತರುತ್ತಿದ್ದರು, ಅಮ್ಮ ಅವನ್ನು ಕತ್ತರಿಸಿ ಅಡುಗೆಮನೆಯ ಗೂಡುಗಳಿಗೆ ಹಾಸುತ್ತಿದ್ದಳು. ಉಪ್ಪಿನಕಾಯಿ ಜಾಡಿ ಎತ್ತಿದರೆ ಕೆಳಗೆ ಯಾವುದೋ ಹಲ್ಲುಚಕ್ರ, ಸಾರಿನ ಪುಡಿಯ ಡಬ್ಬಿಯ ಕೆಳಗೆ ಒಂದು ನಟ್ಟು ಬೋಲ್ಟು. ಅಂಥ ಹಾಳೆಗಳ ಹಿಂಬದಿಯಲ್ಲೇ ಅಪ್ಪ ಹಕ್ಕಿಗಳನ್ನು ಬರೆಯುತ್ತಿದ್ದರು. ಬರೀ ಹೊರಗೆರೆ, ಬಣ್ಣವಿಲ್ಲ, ಕಣ್ಣೂ ಇಲ್ಲ. ಕಣ್ಣಿಲ್ಲದ ಆ ಹಕ್ಕಿಗಳನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಸಿಟ್ಟು ಬರುತ್ತಿತ್ತು. ಮಡಿ ಹೆಂಗಸು, ಈರುಳ್ಳಿಯನ್ನೂ ಒಳಗೆ ಬಿಡದವಳು. ಹಕ್ಕಿ ಹುಡುಕಿಕೊಂಡು ಕೆರೆಗೆ ಹೋಗುವವರು ಒಂದೋ ಬೇಟೆಗಾರರು, ಇಲ್ಲವೇ ಬೆಪ್ಪುಗಳು. ನನ್ನ ಮಗನ ಕೈಯಲ್ಲಿ ಕೋವಿಯಂತೂ ಇಲ್ಲ ಎನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ನಾವು ಮೂವರು ಕೆರೆಗೆ ಹೋಗುತ್ತಿದ್ದೆವು: ಅಪ್ಪ, ನಾನು, ನನ್ನನ್ನು ನೋಡಿಕೊಳ್ಳಲು ಅತ್ತೆ. ಅತ್ತಿಗುಪ್ಪೆ ದಾಟಿ, ರಾಗಿ ಹೊಲಗಳ ಬದುವಿನಲ್ಲಿ ನಡೆದು, ಹುಣಿಸೆಮರಗಳ ಸಾಲು ಮುಗಿಯುವಲ್ಲಿ ಏರಿ ಹತ್ತಿದರೆ ನೀರು. ಈಗ ಆ ದಾರಿಯಲ್ಲಿ ಮೆಟ್ರೋ ಓಡುತ್ತದೆ. ಮೇಲಿನಿಂದ ನೋಡುತ್ತೇನೆ, ಆ ಕೆರೆ ಎಲ್ಲಿತ್ತು ಎಂದು ಗುರುತು ಹಚ್ಚಲಾಗುವುದಿಲ್ಲ. ಒಂದು ಹುಣಿಸೆಮರವಾದರೂ ಉಳಿದಿದ್ದರೆ ಅದನ್ನು ಹಿಡಿದು ಲೆಕ್ಕ ಹಾಕಬಹುದಿತ್ತು. ಅಂದಿನ ಚಳಿ, ಏರಿಯ ಮೇಲಿನ ಒದ್ದೆ ಹುಲ್ಲು, ಅತ್ತೆಯ ಸೆರಗಿನೊಳಗೆ ಸೇರಿಕೊಂಡಾಗ ಬರುತ್ತಿದ್ದ ಸೀಗೆಕಾಯಿ ಮತ್ತು ಮೆಂತ್ಯದ ವಾಸನೆ, ಇವೆಲ್ಲ ಮತ್ತೊಮ್ಮೆ ಬೇಕು ಎಂದು ಈ ವಯಸ್ಸಿನಲ್ಲಿ ಹಟ ಹಿಡಿದ ಮಗುವಿನ ಹಾಗೆ ಅನ್ನಿಸುತ್ತದೆ. ಅಪ್ಪನ ಬಳಿ ಗುಜರಿಯಲ್ಲಿ ಕೊಂಡ ಒಂದು ದುರ್ಬೀನು ಇತ್ತು. ಅದರ ಬಲಗಡೆಯ ಗಾಜಿಗೆ ಬೂಷ್ಟು ಹಿಡಿದಿದ್ದರಿಂದ ಮೂವರೂ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಬೇಕಾಗಿತ್ತು. ಓಡಬಾರದು, ಬೆಟ್ಟು ಮಾಡಿ ತೋರಿಸಬಾರದು, ತೀರಾ ಹತ್ತಿರ ಹೋಗಬಾರದು. ಮಿಕ್ಕದ್ದನ್ನು ಅಪ್ಪ ಒಂದು ಮಂತ್ರದ ಹಾಗೆ ನನಗೆ ಬಾಯಿಪಾಠ ಮಾಡಿಸಿದ್ದರು.

"ಹೆಸರು ಹೇಳೋಕೆ ಅವಸರ ಮಾಡ್ಬೇಡ. ಮೊದ್ಲು ನೋಡು, ಪೂರ್ತಿ ಮುಳುಗುತ್ತೋ, ಬರೀ ತಲೆ ಅದ್ದುತ್ತೋ. ಆಮೇಲೆ ನೀರಿನ ಮೇಲೆ ಹೇಗೆ ಕೂತಿದೆ ಅಂತ ನೋಡು. ಆಮೇಲೆ ತಲೆ. ಬಣ್ಣ ಕೊನೆಗೆ. ಬಣ್ಣ ಬಟ್ಟೆ ಇದ್ದ ಹಾಗೆ ಪುಟ್ಟಿ, ಕಳಚಿ ಇಡ್ತವೆ."

ವರ್ಷಪೂರ್ತಿ ಇರುವ ಹಕ್ಕಿಗಳನ್ನು ನಾನು ಬೇಗ ಕಲಿತೆ. ಹಣೆಯ ಮೇಲೆ ಬಿಳಿಯ ನಾಮ ಎಳೆದಂತಿರುವ ಕಪ್ಪು ನಾಮಕೋಳಿ. ಕಂಡಿತು ಎನ್ನುವಷ್ಟರಲ್ಲಿ ಮುಳುಗುವ ಪುಟಾಣಿ ಗುಳುಮುಳುಕ. ತಲೆಯನ್ನು ನೀರಿಗೆ ಕೊಟ್ಟು ಹಿಂಭಾಗವನ್ನು ಆಕಾಶಕ್ಕೆ ತೋರಿಸುವ ನಾಡಬಾತು, ಅದನ್ನು ಕಂಡರೆ ಅತ್ತೆಗೆ ತಡೆಯಲಾರದ ನಗು. ಆದರೆ ಅಪ್ಪ ಕಾಯುತ್ತಿದ್ದದ್ದು ಚಳಿಗಾಲಕ್ಕೆ ಮಾತ್ರ ಬರುವ ಒಂದು ಮುಳುಗುವ ಬಾತಿಗಾಗಿ. ಅವರ ಇಂಗ್ಲಿಷ್ ಪುಸ್ತಕದಲ್ಲಿ ಟಫ್ಟೆಡ್ ಡಕ್ ಎಂದಿತ್ತು, ನಾವು ಜುಟ್ಟುಬಾತು ಎಂದೆವು. ಗಂಡು ಪೂರ್ತಿ ಕಪ್ಪು, ಪಕ್ಕೆಗಳು ಮಾತ್ರ ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ. ತಲೆಯ ಹಿಂದೆ ಇಳಿಬಿದ್ದ ಸಣ್ಣ ಜುಟ್ಟು, ಅರಿಶಿನದ ಬಣ್ಣದ ಕಣ್ಣು, ತುದಿ ಕಪ್ಪಾದ ಬೂದುನೀಲಿ ಕೊಕ್ಕು. ಕಪ್ಪು ಕೋಟು, ಬಿಳಿ ಪಂಚೆ, ಜುಟ್ಟು. ಅತ್ತೆ ಅದನ್ನು ಹೆಡ್‌ಮಾಸ್ಟರು ಎಂದು ಕರೆಯುತ್ತಿದ್ದಳು. ಹೆಣ್ಣು ಪೂರ್ತಿ ಕಂದು, ಜುಟ್ಟು ಇದ್ದೂ ಇಲ್ಲದಷ್ಟು. ಅದು ಮುಳುಗುವ ರೀತಿ ಬೇರೆ ಹಕ್ಕಿಗಳದಲ್ಲ: ಮೊದಲು ಸಣ್ಣದೊಂದು ಜಿಗಿತ, ಆಮೇಲೆ ತಲೆ ಮುಂದಾಗಿ ಒಳಗೆ. ನೀರು ಮುಚ್ಚಿಕೊಂಡರೆ ಅಲ್ಲೊಂದು ಹಕ್ಕಿ ಇತ್ತೆಂಬ ಗುರುತೇ ಇಲ್ಲ. ಮೊದಲ ಸಲ ನೋಡಿದಾಗ ಅತ್ತೆ, ಮುಳುಗಿದ ಕಡೆಯೇ ಅದು ಏಳುವುದಿಲ್ಲವಲ್ಲ ಎಂದು ಅಪ್ಪನನ್ನು ಕೇಳಿದಳು. ಏಳುವುದಿಲ್ಲ ಎಂದರು ಅಪ್ಪ. ಹಾಗಾದರೆ ಎಲ್ಲಿ ಏಳುತ್ತದೆಂದು ತಿಳಿಯುವುದು ಹೇಗೆ?

"ತಿಳಿಯಲ್ಲ ಪದ್ದು. ಕೆರೆ ಪೂರ್ತಿ ನೋಡ್ತಾ ಇರ್ಬೇಕು."

ಅಂದಿನಿಂದ ಅದು ನಮ್ಮ ಆಟವಾಯಿತು. ಬಾತು ಮುಳುಗಿದೊಡನೆ ಅದು ಎಲ್ಲಿ ಏಳುತ್ತದೆಂದು ಒಬ್ಬೊಬ್ಬರೂ ಹೇಳಬೇಕು. ಅಪ್ಪ ಗಾಳಿಯ ದಿಕ್ಕು, ನೀರಿನ ಆಳ ಎಂದು ಲೆಕ್ಕ ಹಾಕಿ ಸೋಲುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಗೆಲ್ಲುತ್ತಿದ್ದವಳು ಅತ್ತೆ. ಎಲ್ಲೋ ಒಂದು ಕಡೆ ಎದ್ದೇ ಏಳುತ್ತದೆ ಎಂಬ ವಿಷಯದಲ್ಲಿ ಅವಳಿಗೆ ನಮ್ಮಿಬ್ಬರಿಗಿಂತ ಹೆಚ್ಚಿನ ನಂಬಿಕೆ ಇತ್ತು.

ನಾನು ಹೇಳಹೊರಟಿರುವ ವರ್ಷ ನವರಾತ್ರಿಯಿಂದಲೇ ಮನೆಯೊಳಗೆ ಏನೋ ಸರಿಯಿರಲಿಲ್ಲ. ಬೊಂಬೆ ನೋಡಲು ಎದುರು ಮನೆಗೆ ಹೋಗಿದ್ದೆವು. ಆ ಮನೆಯಾಕೆ ಎಲ್ಲರಿಗೂ ಅರಿಶಿನ ಕುಂಕುಮ ಕೊಡುತ್ತ ಬಂದವರು ಅತ್ತೆಯ ಮುಂದೆ ಬಂದಾಗ ಕೈಯಲ್ಲಿ ಭರಣಿ ಹಿಡಿದು ಒಂದು ಗಳಿಗೆ ನಿಂತರು. ಕೊಡಬೇಕೋ ಬಾರದೋ ಎಂಬುದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಕೊಟ್ಟರು. ಆದರೆ ಆ ಒಂದು ಗಳಿಗೆಯನ್ನು ಅಜ್ಜಿ ನೋಡಿದ್ದಳು. ಮರುದಿನವೇ ಪುರೋಹಿತರು ಬಂದು ಮುಂದಿನ ಕೋಣೆಯಲ್ಲಿ ಕುಳಿತರು. ಮನೆ ಬಿಟ್ಟುಹೋದ ಗಂಡಸು ಹನ್ನೆರಡು ವರ್ಷ ಪತ್ತೆಯಿಲ್ಲದಿದ್ದರೆ ಅವನು ಇಲ್ಲವೆಂದೇ ಭಾವಿಸಬೇಕಂತೆ. ಎಲೆ ಮತ್ತು ದರ್ಭೆಗಳಿಂದ ಅವನ ಆಕಾರ ಮಾಡಿ, ಅದಕ್ಕೆ ಬೆಂಕಿ ಕೊಟ್ಟು, ಮುಂದಿನ ಕರ್ಮಗಳನ್ನೆಲ್ಲ ನಡೆಸಬೇಕಂತೆ. ಮಾಘಮಾಸಕ್ಕೆ ಹನ್ನೆರಡು ವರ್ಷ ತುಂಬುತ್ತಿತ್ತು. ಮಾವನ ದಾಯಾದಿಯೊಬ್ಬರು ಕರ್ಮ ಮಾಡಲು ಒಪ್ಪಿದ್ದರು. ಅದಾದ ಮೇಲೆ ಅತ್ತೆಯ ಕುಂಕುಮ, ಬಳೆ, ತಾಳಿ, ಹೂವು ಎಲ್ಲವೂ ಹೋಗಬೇಕು.

ಅಜ್ಜಿ ಕೆಟ್ಟವಳಲ್ಲ. ತಾನೇ ಆ ಬಾಳು ಬಾಳಿದವಳು, ಮಗಳಿಗೆ ಅದು ಬರಲಿ ಎಂದು ಹೇಗೆ ಬಯಸಿಯಾಳು? ಆದರೆ ಅಳಿಯ ಎಲ್ಲೋ ಸತ್ತು, ಒಂದು ತೊಟ್ಟು ನೀರು ಬಿಡುವವರಿಲ್ಲದೆ ಅಲೆಯುತ್ತಿರಬಹುದು ಎಂಬುದು ಅವಳ ನಿದ್ದೆ ಕೆಡಿಸಿತ್ತು. ಇತ್ತ ಇದೂ ಅಲ್ಲ ಅದೂ ಅಲ್ಲ ಎಂಬಂತೆ ಮಗಳು ನಿಂತಿರುವುದನ್ನು ನೋಡಲಾರದೆ ಹೋಗಿದ್ದಳು. ಅಮ್ಮ ಅತ್ತೆಯ ಪರ. ನಮ್ಮ ಪಿಸುಮಾತಿನ ಜಗಳಗಳಲ್ಲೆಲ್ಲ ದೊಡ್ಡದು ಆಗ ನಡೆಯಿತು. ಅಮ್ಮ ಸೌಟು ಹಿಡಿದುಕೊಂಡೇ ನಡುಮನೆಗೆ ಬಂದು, ಯಾರೂ ಹೆಣ ನೋಡಿಲ್ಲ, ಎಲೆಯ ಗೊಂಬೆ ಸುಟ್ಟು ನಮ್ಮ ಮನೆಯ ಹೆಣ್ಣುಮಗಳ ಹಣೆ ಒರೆಸುವುದು ಯಾವ ನ್ಯಾಯ ಎಂದಳು. ಅಜ್ಜಿಯೂ ಅಮ್ಮನೂ ಒಬ್ಬರಿಗೊಬ್ಬರು ಮಾತು ಬಿಟ್ಟದ್ದೂ ಆಯಿತು. ಅಪ್ಪ ಎರಡು ಕಡೆಗೂ ತಲೆಯಾಡಿಸಿ, ನೀಲಿ ಹಾಳೆ ಹರವಿಕೊಂಡು ಕುಳಿತರು. ಯಾರ ಬಗ್ಗೆ ಇಷ್ಟೆಲ್ಲ ನಡೆಯುತ್ತಿತ್ತೋ ಆ ಪದ್ದತ್ತೆ ಅಕ್ಕಿ ಆರಿಸುತ್ತಿದ್ದಳು. ಆ ರಾತ್ರಿಯೂ ಒಂದು ಹಿಡಿ ಹೆಚ್ಚಿಗೆ ಹಾಕಿದಳು.

ಕಾರ್ತಿಕದಲ್ಲಿ ಬಾತುಗಳು ಬಂದವು. ಗುಂಪಿನಲ್ಲಿ ಹೆಡ್‌ಮಾಸ್ಟರುಗಳು ಎದ್ದು ಕಾಣುತ್ತಿದ್ದರು. ತೂಬಿನ ಹತ್ತಿರ, ಜೊಂಡಿನ ಪಕ್ಕದಲ್ಲಿ, ಒಂಟಿಯಾಗಿ ಇನ್ನೊಂದು ಬಾತು ಇತ್ತು. ಅದಕ್ಕೆ ಕಪ್ಪೂ ಇಲ್ಲ, ಬಿಳುಪೂ ಇಲ್ಲ. ಪಕ್ಕೆಗಳು ಮಾಸಿದ ಕಂದು, ತಲೆಯ ಹಿಂದೆ ಜುಟ್ಟಿನ ಸುಳಿವೇ ಕಾಣದು. ಅಪ್ಪ ದುರ್ಬೀನು ಹಿಡಿದು ನೋಡಿ, ಇದು ನಮ್ಮದಲ್ಲ, ಬೇರೆ ಯಾವುದೋ ಜಾತಿ, ದಾರಿ ತಪ್ಪಿ ಬಂದಿದೆ ಎಂದು ತೀರ್ಮಾನ ಕೊಟ್ಟರು. ಮುಳುಗುವಾಗ ಜಿಗಿಯುತ್ತದಲ್ಲ ಎಂದಳು ಅತ್ತೆ. ಜಿಗಿಯುವ ಬಾತುಗಳು ಬೇರೆಯೂ ಇವೆ ಎಂದರು ಅಪ್ಪ. ಅತ್ತೆ ವಾದ ಮಾಡಲಿಲ್ಲ. ಆದರೆ ಆಮೇಲಿನ ಭಾನುವಾರಗಳಲ್ಲಿ ದುರ್ಬೀನು ಅವಳ ಕೈಗೆ ಬಂದಾಗಲೆಲ್ಲ ಅದು ಹೆಡ್‌ಮಾಸ್ಟರುಗಳನ್ನು ದಾಟಿ ಜೊಂಡಿನ ಕಡೆಗೇ ತಿರುಗುತ್ತಿತ್ತು.

ಅದೇ ದಿನಗಳಲ್ಲಿ ದೂರದ ನೆಂಟರೊಬ್ಬರು ಕೆಂಗೇರಿಯ ಛತ್ರವೊಂದಕ್ಕೆ ಮದುವೆಗೆ ಹೋಗಿದ್ದವರು ನಮ್ಮ ಮನೆಗೆ ಬಂದರು. ಪಂಕ್ತಿಯಲ್ಲಿ ಸಾರು ಬಡಿಸಲು ಬಂದವರು ನಿಮ್ಮ ಅಳಿಯನ ಹಾಗೇ ಕಂಡರು ಎಂದು ಅಜ್ಜಿಗೆ ಹೇಳಿದರು. ಅಪ್ಪ ಮರುದಿನ ರಜೆ ಹಾಕಿ ಕೆಂಗೇರಿಗೆ ಹೋದರು. ಮಧ್ಯಾಹ್ನ ಹಿಂತಿರುಗಿ ಬಂದು, ಕಾಲು ತೊಳೆದು, ಜಗಲಿಯಲ್ಲಿ ಕುಳಿತು, ಅಲ್ಲ ಎಂದರು. ಮಾವ ಬೆಳ್ಳಗೆ, ಮೈ ತುಂಬಿಕೊಂಡು ಇದ್ದವರು, ತಲೆ ತುಂಬ ಕೂದಲಿದ್ದವರು. ಇವರು ಒಣಗಿ ಕಪ್ಪಾಗಿದ್ದಾರೆ, ತಲೆ ಬೋಳು, ಬರೀ ಗಡ್ಡ. ಮದುವೆಯ ಫೋಟೋ ಮುಂದೆ ಹಿಡಿದು ಕೇಳಿದರೆ, ಇವರು ಯಾರೋ ನನಗೆ ಗೊತ್ತಿಲ್ಲ ಸ್ವಾಮಿ, ನಾನು ಬೇರೆ ಊರಿನವನು ಎಂದರಂತೆ. ಅಜ್ಜಿ ಕಣ್ಣೊರೆಸಿಕೊಂಡು, ಹಾಗಾದರೆ ಮಾಘಕ್ಕೇ ಮಾಡಿ ಮುಗಿಸಿಬಿಡು ಎಂದಳು. ಅಪ್ಪ ಹೂಂ ಎಂದರು. ಅತ್ತೆ ಒಳಗಿನಿಂದ ಅವರಿಗೆ ಮಜ್ಜಿಗೆ ತಂದುಕೊಟ್ಟಳು.

ಸಂಕ್ರಾಂತಿಗೆ ಅತ್ತೆ ಎಳ್ಳು ಬೀರಲು ಕೊಬ್ಬರಿ ಹೆಚ್ಚಲು ಕೂತಳೆಂದರೆ ಪಕ್ಕದಲ್ಲಿ ಕೂರುವುದು ನನ್ನ ಹಕ್ಕು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬೆಲ್ಲ ಮತ್ತು ಕೊಬ್ಬರಿಯನ್ನು ಮುತ್ತಿನಷ್ಟು ಸಣ್ಣಗೆ ಹೆಚ್ಚಿ, ಮೊರದಲ್ಲಿ ಹರವಿ ಬಿಸಿಲಿಗಿಡಬೇಕು. ಹುರಿದ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ಆಮೇಲೆ ಬೆರೆಸುವುದು. ಮಾವನ ವಿಷಯ ಅವಳು ತಾನಾಗಿ ಎತ್ತುತ್ತಿದ್ದದ್ದು ವರ್ಷಕ್ಕೊಮ್ಮೆ, ಈ ಕೆಲಸದ ನಡುವೆ ಮಾತ್ರ. ಅವಳಿಗೆ ಕೊಬ್ಬರಿ ಎಂದರೆ ಪ್ರಾಣ. ಮಾವನಿಗೂ ಅಷ್ಟೇ. ಆದರೆ ಎಳ್ಳಿನ ಪೊಟ್ಟಣ ಬಿಚ್ಚಿದರೆ ಅವರು ಕೊಬ್ಬರಿ ಚೂರುಗಳನ್ನೆಲ್ಲ ಬೆರಳ ತುದಿಯಿಂದ ಒಂದೊಂದಾಗಿ ಆರಿಸಿ ಕಾಗದದ ಒಂದು ಮೂಲೆಗೆ ಸರಿಸಿ, ಮಿಕ್ಕದ್ದನ್ನು ತಾವು ತಿಂದು, ಆ ಮೂಲೆಯನ್ನು ಇವಳಿಗೆ ಕೊಡುತ್ತಿದ್ದರಂತೆ. ಬೇಡವೆಂದರೂ ಕೇಳುತ್ತಿರಲಿಲ್ಲವಂತೆ. ಹೇಳಿ ಮುಗಿಸಿ ನನ್ನ ಬಾಯಿಗೆ ಒಂದು ಚೂರು ಹಾಕುತ್ತಿದ್ದಳು. ಪ್ರತಿ ವರ್ಷ ಅದೇ ಕಥೆ, ಅದೇ ಚೂರು.

ಆ ವರ್ಷ ಸಂಕ್ರಾಂತಿಗೆ ಮೊದಲಿನ ಭಾನುವಾರ ನಾವು ಕೆರೆಗೆ ಹೋದೆವು. ಮಂಜು ಏಳುತ್ತಿತ್ತು. ಅಪ್ಪ ತೂಬಿನ ಕಡೆ ದುರ್ಬೀನು ತಿರುಗಿಸಿದವರು ಅಲ್ಲೇ ನಿಂತುಬಿಟ್ಟರು. ಜೊಂಡಿನ ಪಕ್ಕದ ಒಂಟಿ ಬಾತು ಅಲ್ಲೇ ಇತ್ತು. ಆದರೆ ಅದರ ಕಂದು ಪಕ್ಕೆಗಳ ಮೇಲೆ ಬಿಳುಪು ಹರಡಿತ್ತು, ಅಲ್ಲಲ್ಲಿ ಇನ್ನೂ ಮಾಸಲು ಉಳಿದಿತ್ತು. ಬೆನ್ನು ಕಪ್ಪಾಗಿತ್ತು. ತಲೆಯ ಹಿಂದೆ ಗಿಡ್ಡದೊಂದು ಜುಟ್ಟು ಇಳಿದಿತ್ತು. ನೋಡುತ್ತಿದ್ದಂತೆ ಅದು ಸಣ್ಣಗೆ ಜಿಗಿದು ಮುಳುಗಿತು. ಅಪ್ಪ ದುರ್ಬೀನು ಇಳಿಸಿ ನಕ್ಕರು. ತಪ್ಪು ಸಿಕ್ಕಿಬಿದ್ದಾಗ ಅವರು ಹೀಗೆಯೇ, ನಕ್ಷೆಯಲ್ಲಿ ಗೆರೆ ತಪ್ಪಿದವರ ಹಾಗೆ, ಸಂಕೋಚದಿಂದ ನಗುತ್ತಿದ್ದರು. ಇದು ನಮ್ಮ ಜುಟ್ಟುಬಾತೇ, ಗಂಡು; ಹಳೆಯ ಗರಿ ಉದುರಿಸಿ ಹೊಸದು ಬರುವ ನಡುವೆ ಹೀಗೆ ಮಂಕಾಗಿರುತ್ತದೆಂದು ಪುಸ್ತಕದಲ್ಲಿ ಓದಿಯೂ ಇದ್ದೆ, ಬಣ್ಣ ನೋಡಿ ಮೋಸ ಹೋದೆ ಎಂದರು. ಅತ್ತೆ ನೀರನ್ನೇ ನೋಡುತ್ತ ಕೇಳಿದಳು.

"ಕೆಂಗೇರೀಲಿ ನೀನು ಏನು ನೋಡ್ದೆ ಅಣ್ಣ?"

ಅಪ್ಪನ ನಗು ಹೋಯಿತು. ಎದ್ದು ನಡೆದದ್ದು ನೋಡಿದೆಯಾ, ಕೈ ತೊಳೆದದ್ದು ನೋಡಿದೆಯಾ ಎಂದು ಅತ್ತೆ ಮತ್ತೆ ಕೇಳಿದಳು. ಅವರು ಕೂತೇ ಇದ್ದರು, ನಾನು ಮುಖ ನೋಡಿದೆ ಎಂದರು ಅಪ್ಪ. ಬಾತು ಬೇರೆಲ್ಲೋ ಎದ್ದಿತ್ತು, ಅಂದು ಯಾರೂ ಅದನ್ನು ಹುಡುಕಲಿಲ್ಲ.

ಸಂಕ್ರಾಂತಿಯ ಮಧ್ಯಾಹ್ನ ಹುಗ್ಗಿಯ ಊಟವಾದ ಮೇಲೆ ಅತ್ತೆ ನನಗೆ ರೇಷ್ಮೆ ಲಂಗ ಉಡಿಸಿ, ಜಡೆ ಹೆಣೆದು, ಎಳ್ಳಿನ ತಟ್ಟೆ ಕೊಟ್ಟಳು. ಅಕ್ಕಪಕ್ಕದ ಮನೆಗಳಿಗೆ ಬೀರಿ ಬಂದಾಗ ಅವಳೂ ಸೀರೆ ಬದಲಾಯಿಸಿ ನಿಂತಿದ್ದಳು. ಪುಟ್ಟಿಯನ್ನು ಕರೆದುಕೊಂಡು ಕೆಂಗೇರಿಗೆ ಹೋಗಿಬರುತ್ತೇನೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಯಾಕೆ ಎಂದು ಕೇಳಲಿಲ್ಲ. ದೇವರ ಮುಂದಿದ್ದ ಸೇವಂತಿಗೆ ಹೂವನ್ನು ತಂದು ನಾದಿನಿಯ ಮುಡಿಗೆ ಸಿಕ್ಕಿಸಿ, ಕತ್ತಲಾಗುವುದರೊಳಗೆ ಬನ್ನಿ ಎಂದಳು. ಮೈಸೂರು ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಎಳ್ಳಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಎತ್ತುಗಳಿಗೆ ಬಣ್ಣ ಬಳಿದು ಕಿಚ್ಚು ಹಾಯಿಸಲು ಹೊಡೆದುಕೊಂಡು ಹೋಗುತ್ತಿದ್ದರು. ಅತ್ತೆ ಅದನ್ನೂ ನೋಡಲಿಲ್ಲ.

ಛತ್ರದ ಹಿಂಭಾಗದಲ್ಲಿ ಕೆರೆಗಿಳಿಯುವ ಮೆಟ್ಟಿಲುಗಳಿದ್ದವು. ಸ್ವಲ್ಪ ದೂರದಲ್ಲಿ ಒಂದು ಹೊಂಗೆಮರ. ಅತ್ತೆ ನನ್ನನ್ನು ಆ ಮರದ ಕೆಳಗೆ ನಿಲ್ಲಿಸಿಕೊಂಡು, ಓಡಬೇಡ, ಬೆಟ್ಟು ಮಾಡಬೇಡ ಎಂದಳು, ಥೇಟ್ ಅಪ್ಪನ ಹಾಗೆ. ಬೋಳುತಲೆಯ, ಬಿಳಿ ಗಡ್ಡದ, ಒಣಕಲು ಮನುಷ್ಯರೊಬ್ಬರು ಕೆಳಗಿನ ಮೆಟ್ಟಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ದೊಡ್ಡದೊಂದು ಕೊಳಗ ಉಜ್ಜುತ್ತಿದ್ದರು. ಮದುವೆಯ ಫೋಟೋದ ಮಾವನಿಗೂ ಇವರಿಗೂ ನನಗೆ ಏನೇನೂ ಹೋಲಿಕೆ ಕಾಣಲಿಲ್ಲ. ಅತ್ತೆ ನೋಡುತ್ತಿದ್ದಳು. ಅವಳ ಬಳಿ ದುರ್ಬೀನು ಇರಲಿಲ್ಲ, ಆದರೂ ರೂಢಿಯಿಂದ ಬಲಗಣ್ಣು ಮುಚ್ಚಿದ್ದಳು. ಅವರು ಕೊಳಗ ತೊಳೆದಿಟ್ಟರು. ಕೈ ತೊಳೆದು, ಒರೆಸಿಕೊಳ್ಳದೆ, ಬೆರಳುಗಳನ್ನು ಬಿಡಿಸಿ ಎರಡು ಸಲ ಕೊಡವಿದರು. ಬಲಗೈಯನ್ನು ಎಡ ಮೊಣಕಾಲಿನ ಮೇಲೆ ಊರಿ ಎದ್ದರು. ಎದ್ದವರು ಒಂದು ಹೆಗಲನ್ನು ಸ್ವಲ್ಪ ಮುಂದೆ ಹಾಕಿಕೊಂಡು, ಬಾಗಿಲಲ್ಲಿ ಪಕ್ಕವಾಗಿ ನುಸುಳುವವರ ಹಾಗೆ, ಮೆಟ್ಟಿಲು ಹತ್ತಿದರು. ಅತ್ತೆಯ ಕೈ ನನ್ನ ಹೆಗಲನ್ನು ಹಿಡಿದ ಬಿಗಿ ಈಗಲೂ ನನ್ನ ಹೆಗಲಿಗೆ ನೆನಪಿದೆ.

"ಹೋಗಿ ಎಳ್ಳು ಕೊಟ್ಟು ಬಾ. ಯಾರ ಮನೆಯವಳು ಅಂತ ಕೇಳಿದ್ರೆ ಹೇಳು. ಕೇಳದಿದ್ರೆ ಹೇಳ್ಬೇಡ."

ನಾನು ಹೋಗಿ ಪೊಟ್ಟಣ ಚಾಚಿದೆ. ಹಬ್ಬದ ದಿನ ಹೆಣ್ಣುಮಕ್ಕಳು ಎಳ್ಳು ಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಯಾರ ಮನೆ ಮಗು ನೀನು ಎಂದು ಕೇಳಿದರು. ವಿಜಯನಗರದಿಂದ ಬಂದೆವು, ನಮ್ಮ ಅತ್ತೆ ಕೊಟ್ಟು ಬಾ ಎಂದರು, ಅತ್ತೆಯ ಹೆಸರು ಪದ್ಮಾವತಿ ಎಂದೆ. ಅವರು ಸುತ್ತ ನೋಡಲಿಲ್ಲ. ಮರದ ಕಡೆ ತಲೆ ಎತ್ತಲೇ ಇಲ್ಲ. ನಿಧಾನವಾಗಿ ಮೆಟ್ಟಿಲ ಮೇಲೆ ಕುಳಿತು, ಪೊಟ್ಟಣವನ್ನು ಮಡಿಲಲ್ಲಿ ಬಿಚ್ಚಿದರು. ಬೆರಳ ತುದಿಯಿಂದ ಕೊಬ್ಬರಿ ಚೂರುಗಳನ್ನು ಒಂದೊಂದಾಗಿ ಆರಿಸಿ ಕಾಗದದ ಒಂದು ಮೂಲೆಗೆ ಸರಿಸತೊಡಗಿದರು. ಬಹಳ ಹೊತ್ತು ಹಿಡಿಯಿತು. ಮಿಕ್ಕದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ಅಗಿದರು. ಆಮೇಲೆ ಕೊಬ್ಬರಿ ಇದ್ದ ಕಾಗದವನ್ನು ಜೋಪಾನವಾಗಿ ಮಡಚಿ ನನ್ನ ಕೈಗೆ ಕೊಟ್ಟು, ಇದನ್ನು ವಾಪಸ್ಸು ತೆಗೆದುಕೊಂಡು ಹೋಗು ಎಂದರು. ನಾನು ಕೇಳಿದೆ.

"ನಿಮಗೆ ಕೊಬ್ಬರಿ ಸೇರಲ್ವಾ?"

"ಸೇರುತ್ತೆ ಮಗು."

ಅಷ್ಟು ಹೇಳಿ ಕೊಳಗ ಎತ್ತಿಕೊಂಡು ಒಳಗೆ ಹೋದರು. ನಾನು ಮರದ ಕೆಳಗೆ ಬಂದು ಕಾಗದ ಕೊಟ್ಟೆ. ಅತ್ತೆ ಬಿಚ್ಚಿ ನೋಡಿದಳು. ಅಲ್ಲೇ ಬೇರಿನ ಮೇಲೆ ಕುಳಿತು ಒಂದೊಂದೇ ಚೂರು ತಿಂದಳು. ಕಣ್ಣೀರು ತಾನಾಗಿ ಸುರಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಆ ಸಲ ನನ್ನ ಬಾಯಿಗೆ ಒಂದು ಚೂರನ್ನೂ ಹಾಕಲಿಲ್ಲ. ಹೋಗಿ ಕರೆಯಲೇ ಎಂದು ಕೇಳಿದೆ.

"ಬೇಡ. ತೀರಾ ಹತ್ರ ಹೋದ್ರೆ ಎದ್ದು ಹೋಗ್ತವೆ ಅಂತ ನಿಮ್ಮಪ್ಪ ಹೇಳಿಲ್ವಾ?"

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಅಜ್ಜಿಯ ಮುಂದೆ ಕುಳಿತು, ಅವರು ಇದ್ದಾರಮ್ಮ, ಇರುವವರಿಗೆ ಕರ್ಮ ಮಾಡುವುದು ಬೇಡ ಎಂದಳು. ಆ ಮನೆಯಲ್ಲಿ ಅವಳು ಪಿಸುಗುಡದೆ ಆಡಿದ ಮಾತು ಅದೊಂದೇ ಇರಬೇಕು. ಬೀದಿಯವರೆಗೂ ಕೇಳಿಸಿರಬಹುದು. ಹೇಗೆ ಗುರುತು ಹಿಡಿದೆ ಎಂದು ಅಪ್ಪ ಕೇಳಿದಾಗ, ನೀನೇ ಕಲಿಸಿದೆಯಲ್ಲ ಅಣ್ಣ, ಬಣ್ಣ ಕೊನೆಗೆ ಎಂದಳು. ಅಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದರು, ಹೋಗಿ ಕರೆತರುತ್ತೇನೆಂದು. ಅತ್ತೆ ಬಿಡಲಿಲ್ಲ. ಕೊಬ್ಬರಿಯ ವಿಷಯವನ್ನು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮಗಳಿಗೆ ಕುಂಕುಮ ಇಡಬೇಕೆಂದು ಅವಳ ಕೈ ಮೇಲೆದ್ದಿತು, ತಾನು ಇಡುವಂತಿಲ್ಲ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಸೊಸೆಯ ಕಡೆ ತಿರುಗಿ, ಭರಣಿ ತಾ ಎಂದಳು. ಅಮ್ಮ ಇಟ್ಟಳು.

ಮಾಘದಲ್ಲಿ ಕರ್ಮ ನಡೆಯಲಿಲ್ಲ. ಬೇಸಿಗೆಯ ಹೊತ್ತಿಗೆ ಕೆರೆಯಲ್ಲಿ ಬಾತುಗಳಿರಲಿಲ್ಲ. ಮನಸ್ಸು ತಡೆಯದೆ ಅಪ್ಪ ಒಮ್ಮೆ ಛತ್ರಕ್ಕೆ ಹೋಗಿ ವಿಚಾರಿಸಿದರೆ ಮಾವ ಅಲ್ಲೂ ಇರಲಿಲ್ಲ, ಎಲ್ಲಿಗೆ ಹೋದರೆಂದು ಯಾರಿಗೂ ತಿಳಿದಿರಲಿಲ್ಲ. ಅತ್ತೆಗೆ ಅದರಿಂದ ಆಶ್ಚರ್ಯವಾದಂತೆ ಕಾಣಲಿಲ್ಲ. ಕುಂಕುಮದಲ್ಲೇ ಬಾಳಿ ಕುಂಕುಮದಲ್ಲೇ ಹೋದಳು. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅದ್ಯಾವುದೂ ಅಲ್ಲ, ಸಂಕ್ರಾಂತಿಯ ಆ ಸಂಜೆ ಅವಳು ರಾತ್ರಿಯ ಅಡುಗೆಗೆ ಅಕ್ಕಿ ಅಳೆದದ್ದು. ಪಾವಿನಲ್ಲಿ ತುಂಬಿದಳು, ಅಂಗೈಯಿಂದ ಮಟ್ಟ ಮಾಡಿದಳು, ಪಾತ್ರೆಗೆ ಸುರಿದಳು. ಒಂದು ಕ್ಷಣ ನಿಂತಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು. ಒಲೆಯ ಮುಂದಿದ್ದ ಅಮ್ಮ ತಲೆ ಎತ್ತಿ ನೋಡಿ, ಮತ್ತೆ ಒಲೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆಯಿಂದ ರವೆ ಹುರಿಯುವ ವಾಸನೆ ಬರುತ್ತಿತ್ತು. ಅಮ್ಮ ನನ್ನ ತಟ್ಟೆಗೆ ಬಿಸಿ ಬಿಸಿ ಉಪ್ಪಿಟ್ಟು ಹಾಕಿ, ಮೇಲೆ ತುಪ್ಪ ಬಿಟ್ಟಳು. ಎಷ್ಟು ದಿನದಿಂದ ನಾನು ಬೇಡಿದ್ದ ಉಪ್ಪಿಟ್ಟು. ಒಂದು ತುತ್ತು ಬಾಯಿಗಿಟ್ಟವಳಿಗೆ ಅದೇನಾಯಿತೋ, ನನಗೆ ಚಿತ್ರಾನ್ನವೇ ಬೇಕು ಎಂದು ಅತ್ತುಬಿಟ್ಟೆ. ಅಮ್ಮ ಗದರಲಿಲ್ಲ. ಅತ್ತೆ ಹಿತ್ತಲಿನಿಂದ ಒದ್ದೆ ಕೈಯಲ್ಲೇ ಬಂದು, ಪಕ್ಕದಲ್ಲಿ ಕುಳಿತು ನನ್ನ ತಲೆ ಸವರಿದಳು.

"ಅನ್ನ ಮಿಕ್ಕಿಲ್ಲ ಕಣೇ ಪುಟ್ಟಿ."